ಬಚ್ಚಲಿಗೆ ಹಾಕಿಸಿದ ಸ್ಟೀಲ್ ಹಿಡಿಕೆ, ರಬ್ಬರ್ ಮ್ಯಾಟ್, ಕೋಲು: ಬಳಸಿ ನೋಡಿ ಬರೆದದ್ದು

ನೇರವಾಗಿ ಹೇಳುತ್ತೇನೆ. ಮನೆಯಲ್ಲಿ ವಯಸ್ಸಾದವರು ಇದ್ದರೆ ಬಚ್ಚಲಿಗೆ ಒಂದು ಗ್ರ್ಯಾಬ್ ಬಾರ್ ಹಾಕಿಸಿ. ಅದೇ, ಗೋಡೆಗೆ ಸ್ಕ್ರೂ ಹೊಡೆದು ಕೂಡಿಸುವ ಸ್ಟೀಲ್ ಹಿಡಿಕೆ. ಮ್ಯಾಟು, ಕೋಲು, ಲೈಟು ಎಲ್ಲಾ ಆಮೇಲೆ. ಯಾವ ಕಂಪನಿಯ ಹಿಡಿಕೆ ಒಳ್ಳೇದು ಅಂತ ಮೊಬೈಲ್ ನೋಡುತ್ತಾ ದಿನ ಕಳೆಯಬೇಡಿ. ಅದನ್ನು ಯಾರು ಕೂಡಿಸುತ್ತಾರೆ, ಎಂಥ ಗೋಡೆಗೆ ಕೂಡಿಸುತ್ತಾರೆ, ಮುಖ್ಯ ಅದು. ನಾವು ಕೊಂಡ ಎಲ್ಲಾ ಸಾಮಾನಿನಲ್ಲಿ ಪೂರ್ತಿ ಐದು ಸ್ಟಾರ್ ಕೊಡೋದು ಇದಕ್ಕೊಂದಕ್ಕೇ, ಅದರಲ್ಲೂ ಅರ್ಧ ಸೇರಬೇಕಾದ್ದು ಅದನ್ನು ಕೂಡಿಸಿದ ಪ್ಲಂಬರ್‌ಗೆ.

ನಾವು ಧಾರವಾಡದವರು, ಮಾಳಮಡ್ಡಿ ಕಡೆ ಹಳೆಯ ಮನೆ. ಹೋದ ಮಳೆಗಾಲದಲ್ಲಿ ನಮ್ಮ ಅತ್ತೆ ಹಿತ್ತಲಲ್ಲಿ ಜಾರಿ ಬಿದ್ದರು. ಇಲ್ಲಿಯ ಜಿಟಿಜಿಟಿ ಮಳೆ ಗೊತ್ತಲ್ಲ, ಒಮ್ಮೆ ಹಿಡಿಯಿತು ಅಂದರೆ ಬಿಸಿಲೇ ಕಾಣಲ್ಲ, ಹಿತ್ತಲ ಫರಸಿ ಕಲ್ಲಿನ ಮೇಲೆ ಹಸಿರು ಪಾಚಿ ಕಟ್ಟಿಬಿಡುತ್ತದೆ. ಬೀಳುವಾಗ ಕೈ ಊರಿದರು. ಬಲಗೈ ಮಣಿಕಟ್ಟಿನ ಹತ್ತಿರ ಎಲುಬು ಮುರಿಯಿತು. ಬೀಳುವ ಮನುಷ್ಯ ತಾನಾಗೇ ಕೈ ಚಾಚುತ್ತಾನೆ, ಇಡೀ ಮೈಭಾರ ಅಂಗೈ ಮೇಲೆ ಬರುತ್ತದೆ, ಅದಕ್ಕೇ ಈ ಮುರಿತ ಬಹಳ ಸಾಮಾನ್ಯ. ಡಾಕ್ಟರುಗಳು ಇದಕ್ಕೆ ಕೋಲೀಸ್ ಫ್ರ್ಯಾಕ್ಚರ್ ಅನ್ನುತ್ತಾರೆ. ಪ್ಲಾಸ್ಟರ್ ಹಾಕಿದರು, ಬಿಚ್ಚಿದರು, ಬೆರಳಿನ ವ್ಯಾಯಾಮ ಮಾಡಿಸಿದರು, ಕೈ ಕೂಡಿಕೊಂಡಿತು.

ಆದರೆ ಹೆದರಿಕೆ ಹೋಗಲಿಲ್ಲ. ಬಚ್ಚಲಿಗೆ ಹೋಗೋದಂದರೆ ಅವರಿಗೆ ಭಯ. ಪದೇ ಪದೇ ಎದ್ದು ಹೋಗಬೇಕಾಗುತ್ತದೆ ಅಂತ ನೀರು ಕುಡಿಯೋದನ್ನೇ ಕಡಿಮೆ ಮಾಡಿದರು. ಸಂಜೆ ಗುಡಿಗೆ ಹೋಗೋದು ಬಿಟ್ಟರು. ಒಮ್ಮೆ ಬಿದ್ದವರಿಗೆ ಇದು ಎಲುಬಿಗಿಂತ ದೊಡ್ಡ ಪೆಟ್ಟು. ಹೆದರಿ ಓಡಾಟ ಬಿಟ್ಟರೆ ಕಾಲಿನ ಶಕ್ತಿ ಇಳಿಯುತ್ತದೆ, ಶಕ್ತಿ ಇಳಿದರೆ ಮತ್ತೆ ಬೀಳುವ ಸಂಭವ ಜಾಸ್ತಿ. ಹಾಗಾಗಿ ಈ ಸಾಮಾನನ್ನೆಲ್ಲ ನಾನು ಅಳೆದದ್ದು ಒಂದೇ ಪ್ರಶ್ನೆಯಿಂದ. ಇದನ್ನು ಹಾಕಿದ ಮೇಲೆ ಅತ್ತೆ ಒಬ್ಬರೇ, ಧೈರ್ಯವಾಗಿ ಬಚ್ಚಲಿಗೆ ಹೋಗುತ್ತಾರಾ ಇಲ್ಲವಾ?

ಸಾಮಾನು ಕೊಳ್ಳುವ ಮುಂಚೆ ಒಂದು ವಿಷಯ ತಿಳಿದಿರಬೇಕು. ಜಾರೋದು ಬೇರೆ, ಎಡವೋದು ಬೇರೆ. ಒದ್ದೆ ನೆಲದ ಮೇಲೆ ಹಿಮ್ಮಡಿ ಊರಿದಾಗ ಹಿಡಿತ ತಪ್ಪಿ ಕಾಲು ಮುಂದಕ್ಕೆ ಓಡುತ್ತದೆ, ಮೈ ಹಿಂದಕ್ಕೆ ಬೀಳುತ್ತದೆ. ಪೆಟ್ಟು ಬೀಳೋದು ಸೊಂಟಕ್ಕೆ, ಬೆನ್ನೆಲುಬಿಗೆ, ತಲೆಯ ಹಿಂಭಾಗಕ್ಕೆ, ಅತ್ತೆಯ ಹಾಗೆ ಕೈ ಊರಿದರೆ ಮಣಿಕಟ್ಟಿಗೂ. ಎಡವಿದಾಗ ಹಾಗಲ್ಲ. ಕಾಲಿನ ತುದಿ ಹೊಸ್ತಿಲಿಗೋ ಪೈಪಿಗೋ ತಾಗಿ ಅಲ್ಲೇ ನಿಲ್ಲುತ್ತದೆ, ಮೈ ಮಾತ್ರ ಮುಂದೆ ಹೋಗುತ್ತದೆ. ಆಗ ಮೊಣಕಾಲು, ಮಣಿಕಟ್ಟು, ಮುಖಕ್ಕೆ ಪೆಟ್ಟು. ಜಾರೋದನ್ನು ತಡೆಯಲು ಬೇಕಾದದ್ದು ಹಿಡಿತ. ಎಡವೋದನ್ನು ತಡೆಯಲು ಬೇಕಾದದ್ದು ಬೆಳಕು ಮತ್ತು ಅಡ್ಡ ಏನೂ ಇಲ್ಲದ ದಾರಿ. ಅಂಗಡಿಯಲ್ಲಿ ಎರಡಕ್ಕೂ ಒಂದೇ ಮ್ಯಾಟ್ ತೋರಿಸುತ್ತಾರೆ, ಅದು ಆಗೋ ಮಾತಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದ ಪ್ರಕಾರ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6 ಲಕ್ಷ 84 ಸಾವಿರ ಜನ ಬಿದ್ದು ಸಾಯುತ್ತಾರೆ. ಎತ್ತರದಿಂದ ಬೀಳೋದೂ ಇದರಲ್ಲಿ ಸೇರಿದೆ. ಆಕಸ್ಮಿಕ ಪೆಟ್ಟಿನಿಂದ ಆಗುವ ಸಾವುಗಳಲ್ಲಿ ರಸ್ತೆ ಅಪಘಾತ ಬಿಟ್ಟರೆ ಎರಡನೆಯ ಜಾಗ ಇದರದೇ. ಸಾಯುವವರಲ್ಲಿ ಅರವತ್ತು ದಾಟಿದವರೇ ಜಾಸ್ತಿ. ಇಷ್ಟಿದ್ದರೂ ನಮ್ಮಲ್ಲಿ ಸಾವಿರಾರು ರೂಪಾಯಿ ಕೊಟ್ಟು ಬಚ್ಚಲಿಗೆ ಹೊಳೆಯುವ ಟೈಲ್ಸ್ ಹಾಕಿಸುತ್ತಾರೆ, ಒಂದು ಹಿಡಿಕೆ ಹಾಕಿಸಿ ಅಂದರೆ "ಇನ್ನೂ ಗಟ್ಟಿ ಇದ್ದಾರಲ್ಲ" ಅನ್ನುತ್ತಾರೆ. ಗಟ್ಟಿ ಇರುವಾಗಲೇ ಹಾಕಿಸಬೇಕು. ನನಗೆ ಇದರ ಬಗ್ಗೆ ಸಿಟ್ಟೇ ಬರುತ್ತದೆ.

ಈಗ ಒಂದೊಂದಾಗಿ ಸಾಮಾನಿಗೆ ಬರೋಣ.

ಗಾಳಿ ಹಿಡಿತದ ಹಿಡಿಕೆ. ಗೋಡೆಗೆ ಒತ್ತಿ ಎರಡು ಗುಂಡಿ ಮಡಚಿದರೆ ಅಂಟಿಕೊಳ್ಳುತ್ತದಲ್ಲ, ಆ ಪ್ಲಾಸ್ಟಿಕ್‌ದು. ಮೈದುನ ಬೆಂಗಳೂರಿನಿಂದ ಆನ್‌ಲೈನಲ್ಲಿ ಕಳಿಸಿದ್ದರು. ಡ್ರಿಲ್ ಬೇಡ, ಧೂಳಿಲ್ಲ, ಬಾಡಿಗೆ ಮನೆಯವರಿಗೂ ಅನುಕೂಲ, ನೋಡೋಕೆ ಚೆಂದ. ಅತ್ತೆಯ ಕೈಗೆ ಕೊಡುವ ಮುಂಚೆ ನಾನೇ ಹಿಡಿದು ನೋಡಿದೆ. ಮೊದಲ ದಿನ ಗಟ್ಟಿ ಇತ್ತು. ಮರುದಿನ ಬಿಸಿನೀರು ಕಾಯಿಸಿ ಬಚ್ಚಲ ತುಂಬಾ ಹಬೆ ಆದ ಮೇಲೆ ಮೈಭಾರ ಹಾಕಿ ಎಳೆದೆ, ಕೈಯಲ್ಲೇ ಬಂತು. ಗೋಡೆಗೆ ಅಂಟುವ ಅದರ ರಬ್ಬರ್ ಬಟ್ಟಲಿನ ಒಳಗೆ ನಿಧಾನವಾಗಿ ಗಾಳಿ ಹೊಕ್ಕರೆ ಇದರ ಹಿಡಿತ ಮುಗಿಯಿತು. ಟೈಲ್ಸ್ ನಡುವಿನ ಗೆರೆ ಅಡ್ಡ ಬಂದರೆ, ನಮ್ಮ ಬೋರ್ ನೀರಿನ ಬಿಳಿ ಉಪ್ಪು ಗೋಡೆಗೆ ಕಟ್ಟಿದ್ದರೆ, ಸೋಪಿನ ಜಿಡ್ಡಿದ್ದರೆ ಇನ್ನೂ ಬೇಗ. ಅದಕ್ಕಿಂತ ಕೆಟ್ಟದ್ದು ಏನಂದರೆ ಬೀಳುವ ತನಕ ಅದು ಗಟ್ಟಿಯಾಗೇ ಕಾಣುತ್ತದೆ, ಹಿಡಿದವರು ನಂಬಿ ಭಾರ ಬಿಡುತ್ತಾರೆ. ಇಲ್ಲದೇ ಇರೋದಕ್ಕಿಂತ ಅಪಾಯ. ಸೊನ್ನೆ ಸ್ಟಾರ್. ಟವೆಲ್ ರಾಡ್ ಹಿಡಿದು ಏಳುವವರಿಗೂ ಇದೇ ಮಾತು. ಅದನ್ನು ಟವೆಲ್ ಭಾರಕ್ಕೆ ಮಾಡಿದ್ದು, ಮನುಷ್ಯರ ಭಾರಕ್ಕಲ್ಲ.

ಸ್ಟೀಲ್ ಹಿಡಿಕೆ. ಹುಬ್ಬಳ್ಳಿಗೆ ಹೋಗಿ ತಂದೆವು. ಚಿಗರಿ ಬಸ್ಸಿಗೆ ಹತ್ತಿ ಹೋದರೆ ಸಾಕು, ಆಸ್ಪತ್ರೆ ಸಾಮಾನು ಮಾರುವ ಸರ್ಜಿಕಲ್ ಅಂಗಡಿಗಳಲ್ಲೂ ಸಿಗುತ್ತವೆ, ಸ್ಯಾನಿಟರಿ ಅಂಗಡಿಗಳಲ್ಲೂ ಸಿಗುತ್ತವೆ. ನನ್ನ ಸಲಹೆ ಸ್ಯಾನಿಟರಿ ಅಂಗಡಿ. ಅಲ್ಲಿ ಅಳತೆ ಜಾಸ್ತಿ ಇರುತ್ತವೆ, ಒಂದಡಿ, ಒಂದೂವರೆ ಅಡಿ, ಎರಡಡಿ. ಎರಡು ದರ ಹೇಳುತ್ತಾರೆ. ಅಗ್ಗದ್ದು 202 ಗ್ರೇಡಿನ ಸ್ಟೀಲು, ಇನ್ನೊಂದು 304. ಎರಡೂ ನೋಡೋಕೆ ಒಂದೇ ಥರ. ಮ್ಯಾಗ್ನೆಟ್ ಹಿಡಿದು ನೋಡಿ ಅಂತ ಯಾರೋ ಹೇಳುತ್ತಾರೆ, ಅದರಿಂದ ಗೊತ್ತಾಗಲ್ಲ, ಎರಡಕ್ಕೂ ಮ್ಯಾಗ್ನೆಟ್ ಸರಿಯಾಗಿ ಅಂಟೋದಿಲ್ಲ. 202ರಲ್ಲಿ ನಿಕಲ್ ಕಡಿಮೆ, ಸದಾ ಒದ್ದೆ ಇರುವ ಬಚ್ಚಲಲ್ಲಿ ಬೇಗ ತುಕ್ಕು ಹಿಡಿಯುತ್ತದೆ. ಬಿಲ್ಲಿನಲ್ಲಿ 304 ಅಂತ ಬರೆಸಿಕೊಳ್ಳಿ. ನಾವು ಒಂದೂವರೆ ಅಡಿಯದು ಎರಡು ತಗೊಂಡೆವು, ಒಂದಕ್ಕೆ 850 ರೂಪಾಯಿ. ಪೂರ್ತಿ ನುಣುಪಾದದ್ದು ಬೇಡ, ಸೋಪು ಹತ್ತಿದ ಕೈ ಜಾರುತ್ತದೆ. ನಡುವೆ ಸಣ್ಣ ಗೀರುಗಳಿರುವ ಹಿಡಿಕೆ ಸಿಗುತ್ತದೆ, ಅದನ್ನೇ ಕೇಳಿ.

ಒಂದು ಅಂಗಡಿಯಲ್ಲಿ, ಹೆಸರು ಬೇಡ, "ನಮ್ಮ ಹುಡುಗ ಬಂದು ಕೂಡಿಸುತ್ತಾನೆ" ಅಂದರು. ಬಂದ ಹುಡುಗ ಗೋಡೆ ಮುಟ್ಟಿಯೂ ನೋಡದೆ ಡ್ರಿಲ್ ಎತ್ತಿದ. ಎಷ್ಟು ಎತ್ತರಕ್ಕೆ ಅಂತ ಕೂಡ ಕೇಳಲಿಲ್ಲ. ಬೇಡ ಅಂತ ವಾಪಸ್ ಕಳಿಸಿ, ನಮ್ಮ ಓಣಿಯ ಪ್ಲಂಬರ್‌ನ ಕರೆದೆ. ಈ ಮನುಷ್ಯ ಮಾಡಿದ ಕೆಲಸದ ಬಗ್ಗೆ ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕಂದರೆ ನೀವು ನೋಡಬೇಕಾದದ್ದು ಇದನ್ನೇ.

ಮೊದಲು ಬೆರಳಿನ ಗಂಟಿನಿಂದ ಟೈಲ್ಸ್ ಮೇಲೆಲ್ಲಾ ಬಡಿದು ಕೇಳಿದರು. ಒಂದು ಕಡೆ ಸದ್ದು ಟೊಳ್ಳಾಗಿ ಬಂತು. "ಅಕ್ಕಾರ, ಇಲ್ಲಿ ಟೈಲ್ಸ್ ಹಿಂದ ಪೊಳ್ಳ ಐತ್ರಿ, ಸ್ಕ್ರೂ ಹಿಡಿಯಂಗಿಲ್ಲ" ಅಂದರು. ಟೈಲ್ಸ್ ಹಿಂದೆ ಸಿಮೆಂಟ್ ಸರಿಯಾಗಿ ತುಂಬದಿದ್ದರೆ ಅಲ್ಲಿ ಬಿಗಿದ ಹಿಡಿಕೆ ಟೈಲ್ಸ್ ಸಮೇತ ಕಿತ್ತು ಬರುತ್ತದೆ. ನಾಲ್ಕು ಇಂಚು ಪಕ್ಕಕ್ಕೆ ಸರಿಸಿದರು. ಆಮೇಲೆ ಅತ್ತೆಯನ್ನೇ ಕರೆದು ಸ್ಟೂಲ್ ಮೇಲೆ ಕೂರಿಸಿ, "ಅವ್ವಾರ, ಏಳಾಕ ಕೈ ಎಲ್ಲಿ ಚಾಚತೀರಿ ತೋರಸ್ರಿ" ಅಂತ ಕೇಳಿ, ಅವರ ಕೈ ಹೋದ ಕಡೆ ಪೆನ್ಸಿಲ್ ಗುರುತು ಹಾಕಿದರು. ಅವರ ಬಲಗೈ ಮುರಿದದ್ದು ಗೊತ್ತಾದ ಮೇಲೆ ಎಡಗೈಗೂ ಒಂದು ಸಿಗುವ ಹಾಗೆ ಎರಡನೆಯದರ ಜಾಗ ಬದಲಿಸಿದರು. ಇದನ್ನು ನೋಡಿ ನನಗೆ ನಿಜಕ್ಕೂ ಮನಸ್ಸು ತುಂಬಿ ಬಂತು.

ಟೈಲ್ಸ್ ತೂತು ಮಾಡುವಾಗ ಡ್ರಿಲ್‌ನ ಬಡಿಯುವ ಸ್ವಿಚ್ ಆಫ್ ಇಟ್ಟು, ಟೈಲ್ಸ್‌ಗೇ ಇರುವ ಬಿಟ್ ಹಾಕಿ, ನೀರು ಚಿಮುಕಿಸುತ್ತಾ ನಿಧಾನ ಕೊರೆದರು. ಟೈಲ್ಸ್ ದಾಟಿ ಇಟ್ಟಿಗೆ ಸಿಕ್ಕ ಮೇಲಷ್ಟೇ ಆ ಸ್ವಿಚ್ ಆನ್. ಮೊದಲಿನಿಂದಲೇ ಆನ್ ಇಟ್ಟರೆ ಟೈಲ್ಸ್ ಬಿರುಕು ಬಿಡುತ್ತದೆ. ಹಿಡಿಕೆ ಪ್ಯಾಕಿನಲ್ಲಿ ಬಂದ, ಸ್ಕ್ರೂ ಕೂರಲು ತೂತಿಗೆ ಹಾಕುವ ಸಣ್ಣ ಪ್ಲಾಸ್ಟಿಕ್ ಪ್ಲಗ್ ಎಸೆದು, ಉದ್ದದ ಪ್ಲಗ್ ಮತ್ತು ಸ್ಟೀಲ್ ಸ್ಕ್ರೂ ತಂದು ಹಾಕಿದರು. ಸಾದಾ ಕಬ್ಬಿಣದ ಸ್ಕ್ರೂ ಒಳಗೊಳಗೇ ತುಕ್ಕು ಹಿಡಿದು ಮುರಿಯುತ್ತದೆ, ಹೊರಗಿನಿಂದ ಕಾಣೋದೇ ಇಲ್ಲ. ಕೊನೆಗೆ ನೀರು ಒಳಗೆ ಇಳಿಯದ ಹಾಗೆ ಸುತ್ತಲೂ ಸಿಲಿಕಾನ್ ಹಚ್ಚಿದರು. ಎಲ್ಲಾ ಮುಗಿದ ಮೇಲೆ ತಾವೇ ಎರಡೂ ಕೈಯಲ್ಲಿ ಹಿಡಿದು ಜೋತು ಬಿದ್ದು ತೋರಿಸಿದರು. ಕೂಲಿ 500 ಕೇಳಿದರು, 600 ಕೊಟ್ಟೆ.

ಅಳತೆಗೆ ಒಂದು ಆಧಾರ ಬೇಕು ಅನ್ನುವವರಿಗೆ ಅಮೆರಿಕದ ಅಂಗವಿಕಲರ ಕಟ್ಟಡ ನಿಯಮ ಇದೆ. ಅಡ್ಡ ಹಿಡಿಕೆ ನೆಲದಿಂದ 33ರಿಂದ 36 ಇಂಚು ಎತ್ತರದಲ್ಲಿ, ಗೋಡೆಗೂ ಹಿಡಿಕೆಗೂ ನಡುವೆ ಒಂದೂವರೆ ಇಂಚು ಸಂದು, 250 ಪೌಂಡ್ ಅಂದರೆ ಸುಮಾರು 113 ಕಿಲೋ ತಡೆಯಬೇಕು. ಆ ಸಂದು ಯಾಕೆ ಅಷ್ಟೇ ಅಂದರೆ, ಜಾಸ್ತಿ ಇದ್ದರೆ ಜಾರಿದ ಕೈ ಒಳಗೆ ಸಿಕ್ಕಿ ಮೊಣಕೈ ಮುರಿಯಬಹುದು. ಆದರೆ ನಮ್ಮ ಹೆಂಗಸರ ಎತ್ತರಕ್ಕೆ, ಅದೂ ಗಿಡ್ಡ ಸ್ಟೂಲ್ ಮೇಲೆ ಕೂತು ಎರಕೊಳ್ಳುವವರಿಗೆ, 36 ಇಂಚು ಜಾಸ್ತಿ ಆಗುತ್ತದೆ. ನಮ್ಮದು 30ಕ್ಕೆ ಇದೆ. ಕೂಡಿಸುವ ದಿನ ಬಳಸುವವರೇ ಬಚ್ಚಲಲ್ಲಿ ಇರಬೇಕು.

ನವಲಗುಂದ, ಗದಗ ಕಡೆ ಎರಿ ಮಣ್ಣಿನ ಮೇಲೆ ಕಟ್ಟಿದ ಮನೆಯವರು ಇನ್ನೂ ಒಂದು ನೋಡಿಕೊಳ್ಳಿ. ಎರಿ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ, ಗೋಡೆಗೂ ಸೀಳು ಬರುತ್ತದೆ. ಸೀಳಿನ ಹತ್ತಿರ ಹಿಡಿಕೆ ಬೇಡವೇ ಬೇಡ. ಮಣ್ಣಿನ ಗೋಡೆ, ಕಲ್ಲು ಮಣ್ಣು ಸೇರಿಸಿ ಕಟ್ಟಿದ ಹಳೆಯ ಗೋಡೆ ಇದ್ದರೆ ಸ್ಕ್ರೂ ನಿಲ್ಲೋದಿಲ್ಲ. ಅಂಥವರು ನೆಲದಿಂದ ಗೋಡೆಗೆ ಬಾಗಿದ ಪೈಪಿನ ಹಿಡಿಕೆ ಮಾಡಿಸಿ, ಕಾಲನ್ನು ಕಾಂಕ್ರೀಟಿನಲ್ಲಿ ಹೂಳಿಸಿಕೊಳ್ಳಬೇಕು. ವೆಲ್ಡಿಂಗ್ ಅಂಗಡಿಯವರು ಮಾಡಿಕೊಡುತ್ತಾರೆ.

ದೂರು ಒಂದೇ. ಬಚ್ಚಲು ತೊಳೆಯುವ ಆ್ಯಸಿಡ್ ಸಿಡಿದ ಕಡೆ ಕಂದು ಚುಕ್ಕೆ ಬಂದಿವೆ. 304 ಆದರೂ ಆ್ಯಸಿಡ್ ತಡೆಯಲ್ಲ. ಆ್ಯಸಿಡ್ ಬಿಟ್ಟು ಸಾದಾ ಸೋಪಿನ ನೀರಿಗೆ ಬಂದಿದ್ದೇವೆ.

ರಬ್ಬರ್ ಮ್ಯಾಟ್, 450 ರೂಪಾಯಿ, ಮೂರು ಸ್ಟಾರ್. ಕೆಳಗೆ ನೆಲಕ್ಕೆ ಅಂಟುವ ಸಣ್ಣ ಸಣ್ಣ ರಬ್ಬರ್ ಬಟ್ಟಲು, ನಡುವೆ ನೀರು ಹೋಗಲು ತೂತು. ನುಣುಪಾದ ಟೈಲ್ಸ್ ಮೇಲೆ ಚೆನ್ನಾಗಿ ಕೂರುತ್ತದೆ. ಫರಸಿ ಕಲ್ಲಿನ ಮೇಲೆ, ಚಿಕ್ಕ ಚಿಕ್ಕ ಟೈಲ್ಸ್ ಮೇಲೆ ಹಿಡಿಯೋದೇ ಇಲ್ಲ, ಇಡೀ ಮ್ಯಾಟೇ ಜಾರುತ್ತದೆ. ದಿನಾ ಎತ್ತಿ ತೊಳೆದು ಒಣಗಿಸಬೇಕು. ಎರಡು ದಿನ ಬಿಟ್ಟರೆ ಅಡಿಗೆ ಲೋಳೆ ಕಟ್ಟುತ್ತದೆ, ಅಂಚು ಮೇಲೆದ್ದರೆ ಅದಕ್ಕೇ ಎಡವುತ್ತಾರೆ. ಬಿಸಿಲಿಗೆ ಬಹಳ ಹೊತ್ತು ಹಾಕಬೇಡಿ, ರಬ್ಬರ್ ಗಟ್ಟಿ ಆಗಿ ಆ ಬಟ್ಟಲುಗಳು ಕೆಲಸ ಬಿಡುತ್ತವೆ. ಬಚ್ಚಲ ಹೊರಗೆ ಹಳೆ ಸೀರೆ ಮಡಚಿ ಹಾಕುವ ಕಾಲೊರೆಸು ನಾವು ತೆಗೆದೇ ಬಿಟ್ಟೆವು. ಒದ್ದೆ ಕಾಲಿಟ್ಟರೆ ನಯವಾದ ನೆಲದ ಮೇಲೆ ಅದು ಸರಕ್ಕನೆ ಓಡುತ್ತದೆ.

ಟೈಲ್ಸ್ ಜಾರದ ಹಾಗೆ ಕೆಮಿಕಲ್ ಹಚ್ಚಿಕೊಡುತ್ತೇವೆ ಅಂತ ಒಬ್ಬರು ಬಂದಿದ್ದರು, ಚದರ ಅಡಿಗೆ 40 ರೂಪಾಯಿ. ಅದು ಆ್ಯಸಿಡ್ ಜಾತಿಯದು, ಟೈಲ್ಸ್ ಮೈಯನ್ನು ಕಣ್ಣಿಗೆ ಕಾಣದಷ್ಟು ಒರಟು ಮಾಡುತ್ತದೆ. ನಾವು ಮಾಡಿಸಲಿಲ್ಲ, ಹಾಗಾಗಿ ಸ್ಟಾರ್ ಕೊಡಲ್ಲ. ಹೊಸ ಮನೆ ಕಟ್ಟಿಸುವವರು ಈ ಖರ್ಚಿಗೇ ಹೋಗಬೇಡಿ, ಮೊದಲೇ ಒರಟು ಟೈಲ್ಸ್ ತಗೊಳ್ಳಿ. ಡಬ್ಬದ ಮೇಲೆ ಆರ್ 9, ಆರ್ 10, ಆರ್ 11 ಅಂತ ಇರುತ್ತದೆ, ಅಂಕಿ ಏರಿದಷ್ಟೂ ಹಿಡಿತ ಜಾಸ್ತಿ. ಆದರೆ ಆ ಪರೀಕ್ಷೆ ಮಾಡೋದು ಬೂಟು ಹಾಕಿಕೊಂಡು, ಎಣ್ಣೆ ಸುರಿದ ಇಳಿಜಾರಿನ ಮೇಲೆ. ಬರಿಗಾಲಿಗೆ ಎ, ಬಿ, ಸಿ ಅಂತ ಬೇರೆಯೇ ದರ್ಜೆ ಇದೆ. ಅಂಗಡಿಯವರಿಗೆ ಅದು ಗೊತ್ತಿಲ್ಲದಿದ್ದರೆ ಒಂದು ಟೈಲ್ಸ್ ನೆಲಕ್ಕಿಟ್ಟು, ಸೋಪಿನ ನೀರು ಹಾಕಿಸಿ, ಅಂಗಾಲಿನಿಂದ ಉಜ್ಜಿ ನೋಡಿ. ಸಂಕೋಚ ಯಾಕೆ, ದುಡ್ಡು ಕೊಡುವವರು ನೀವು.

ದೀಪಾವಳಿ ಬಂದಾಗ ಎಣ್ಣೆ ಹಚ್ಚಿಕೊಂಡು ಎರಕೊಳ್ಳುವವರಿಗೆ ಯಾವ ಟೈಲ್ಸೂ ಸಾಲಲ್ಲ. ಅವತ್ತು ಅತ್ತೆ ಬಚ್ಚಲಿಗೆ ಕಾಲಿಡುವ ಮುಂಚೆ ಅಂಗಾಲನ್ನು ಕಡಲೆ ಹಿಟ್ಟಿನಿಂದ ಒರೆಸಿದೆವು. ಒಬ್ಬರ ಸ್ನಾನ ಆದ ಮೇಲೆ ನೆಲ ತೊಳೆದು ಇನ್ನೊಬ್ಬರನ್ನು ಬಿಟ್ಟೆವು.

ಕೋಲು. ಅಂಗಡಿಯವರು ನಾಲ್ಕು ಕಾಲಿನದನ್ನೇ ತಗೊಳ್ಳಿ ಅಂದರು, 700 ರೂಪಾಯಿ. ತಾನೇ ನಿಲ್ಲುತ್ತದೆ, ಅದು ಒಳ್ಳೇದು. ಆದರೆ ನಾಲ್ಕೂ ಕಾಲು ಒಟ್ಟಿಗೆ ನೆಲಕ್ಕೆ ಊರಬೇಕು. ನಮ್ಮ ಹಳೆ ಮನೆಯ ಎತ್ತರದ ಹೊಸ್ತಿಲು, ತಗ್ಗು ದಿಣ್ಣೆಯ ಅಂಗಳಕ್ಕೆ ಅದು ಅಲ್ಲಾಡುತ್ತದೆ, ಅದರ ಕಾಲಿಗೇ ಅವರ ಕಾಲು ತಾಗುತ್ತದೆ. ಹೋಗಿ ಬದಲಿಸಿದೆವು. ಯಾವ ಮಾತೂ ಆಡದೆ ಬದಲಿಸಿಕೊಟ್ಟರು, ಆ ಅಂಗಡಿಯವರಿಗೆ ಅದಕ್ಕೆ ಧನ್ಯವಾದ. ಒಂದು ಕಾಲಿನ ಅಲ್ಯೂಮಿನಿಯಂ ಕೋಲು 350 ರೂಪಾಯಿ, ನಾಲ್ಕೂವರೆ ಸ್ಟಾರ್. ಚಪ್ಪಲಿ ಹಾಕಿ ನೇರ ನಿಂತು ಕೈ ಇಳಿಬಿಟ್ಟರೆ ಕೋಲಿನ ಹಿಡಿ ಮಣಿಕಟ್ಟಿನ ಗೆರೆಗೆ ಬರಬೇಕು. ನೋವಿರುವ ಕಾಲಿನ ಎದುರು ಬದಿಯ ಕೈಯಲ್ಲಿ ಹಿಡಿಯಬೇಕು, ಬಹಳ ಜನ ಉಲ್ಟಾ ಹಿಡಿಯುತ್ತಾರೆ. ತುದಿಯ ರಬ್ಬರ್ ಬುಷ್ ಸವೆದ ಕೋಲು ಒದ್ದೆ ನೆಲದಲ್ಲಿ ಗಾಲಿಯ ಹಾಗೆ ಓಡುತ್ತದೆ. ಹೊಸ ಬುಷ್ 30 ರೂಪಾಯಿ, ಕೋಲು ಕೊಳ್ಳುವಾಗಲೇ ಒಂದು ಜಾಸ್ತಿ ತಂದಿಡಿ. ಹಾಗೇ ಸವೆದ ಹವಾಯಿ ಚಪ್ಪಲಿ ಇದ್ದರೆ ಇವತ್ತೇ ಎಸೆಯಿರಿ. ಹಿಮ್ಮಡಿಗೆ ಪಟ್ಟಿ ಇರುವ ಚಪ್ಪಲಿ ಕೊಡಿಸಿ.

ಮನುಷ್ಯರು ಹತ್ತಿರ ಬಂದರೆ ತಾನೇ ಹತ್ತುವ ಚಾರ್ಜಿಂಗ್ ಲೈಟ್, ಐದಕ್ಕೆ ಐದು ಕೊಡಬಹುದಿತ್ತು, ಚಾರ್ಜ್ ಬೇಗ ಮುಗಿಯುತ್ತದೆ ಅಂತ ನಾಲ್ಕು. ಹಾಸಿಗೆ ಪಕ್ಕ ಒಂದು, ಹೊಸ್ತಿಲ ಹತ್ತಿರ ಒಂದು. ಕರೆಂಟ್ ಹೋದರೂ ಹತ್ತುತ್ತದೆ. ಬಿಪಿ ಮಾತ್ರೆ ತಗೊಳ್ಳುವವರು ರಾತ್ರಿ ತಟ್ಟನೆ ಎದ್ದರೆ ತಲೆ ತಿರುಗಬಹುದು, ಒಂದು ನಿಮಿಷ ಹಾಸಿಗೆ ಅಂಚಿಗೆ ಕೂತು ಆಮೇಲೆ ಏಳಬೇಕು. ಈ ಲೈಟ್ ಹತ್ತಿದಾಗ ಅತ್ತೆಗೆ ಅದು ನೆನಪಾಗುತ್ತದಂತೆ.

ಯಾವ ಅಂಗಡಿಯಲ್ಲೂ ಸಿಗದ ಒಂದಿದೆ, ನೀರು ಬಂದ ದಿನದ ಶಿಸ್ತು. ಹುಬ್ಬಳ್ಳಿ-ಧಾರವಾಡದಲ್ಲಿ ಬಹಳ ಓಣಿಗಳಿಗೆ ನೀರು ದಿನಾ ಬರಲ್ಲ. ಬಂದಾಗ ಬ್ಯಾರಲ್, ಕೊಡ, ಬಕೆಟ್ ಎಲ್ಲಾ ತುಂಬಿಸಬೇಕು. ಅವತ್ತು ಪಡಸಾಲೆಯಿಂದ ಹಿತ್ತಲ ತನಕ ಪೈಪು ಅಡ್ಡ ಬಿದ್ದಿರುತ್ತದೆ, ನೆಲ ಎಲ್ಲಾ ಒದ್ದೆ, ಬಚ್ಚಲಲ್ಲಿ ಕಾಲಿಡಲು ಜಾಗ ಇಲ್ಲ, ಎಲ್ಲರಿಗೂ ಗಡಿಬಿಡಿ. ಬೀಳಲು ಬೇಕಾದದ್ದೆಲ್ಲಾ ಒಂದೇ ದಿನ ಸೇರುತ್ತದೆ. ನಾವು ಪೈಪನ್ನು ಗೋಡೆ ಗುಂಟ ಕೊಕ್ಕೆಗೆ ಸಿಕ್ಕಿಸಿ ಹಾಯಿಸುತ್ತೇವೆ, ಬ್ಯಾರಲ್ ಬಚ್ಚಲಿನಿಂದ ಹೊರಗೆ ಹೋಯಿತು, ನೀರು ತುಂಬುವಾಗ ಅತ್ತೆ ಕುರ್ಚಿ ಬಿಟ್ಟು ಏಳೋದಿಲ್ಲ.

ಬಿದ್ದರೆ ಏನು ಅನ್ನೋದನ್ನೂ ಬರೆದೇ ಬಿಡುತ್ತೇನೆ, ಸಾಮಾನು ಹಾಕಿಸಿದವರೂ ಬೀಳಬಹುದು. ಓಡಿ ಬಂದು ರಟ್ಟೆ ಹಿಡಿದು ಎಬ್ಬಿಸಬೇಡಿ. ಒಂದು ಕಾಲು ಗಿಡ್ಡ ಆದ ಹಾಗೆ, ಪಾದ ಹೊರಕ್ಕೆ ತಿರುಗಿದ ಹಾಗೆ ಕಂಡರೆ ಸೊಂಟದ ಹತ್ತಿರ ತೊಡೆಯ ಎಲುಬು ಮುರಿದಿರಬಹುದು, ಅಲ್ಲಾಡಿಸದೆ 108ಕ್ಕೆ ಫೋನ್ ಮಾಡಿ. ಕೈಗೆ ಪೆಟ್ಟಾದರೆ ಬಳೆ, ಉಂಗುರ ಮೊದಲು ತೆಗೆಯಿರಿ, ಬಾವು ಏರಿದ ಮೇಲೆ ಬರಲ್ಲ. ಎಣ್ಣೆ ಹಚ್ಚಿ ತಿಕ್ಕಿಸಬೇಡಿ, ಎಕ್ಸ್‌ರೇ ಆಗುವ ಮುಂಚೆ ನಾಟಿ ವೈದ್ಯರ ಹತ್ತಿರ ಪಟ್ಟಿ ಕಟ್ಟಿಸಲು ಹೋಗಬೇಡಿ. ತಲೆಗೆ ಪೆಟ್ಟು ಬಿದ್ದು, ಅವರು ರಕ್ತ ತೆಳುವಾಗುವ ಮಾತ್ರೆ ತಗೊಳ್ಳುತ್ತಿದ್ದರೆ, ಚೆನ್ನಾಗೇ ಮಾತಾಡುತ್ತಿದ್ದರೂ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಆ ಮಾತ್ರೆಯ ಹೆಸರು ಹೇಳಿ. ತಲೆಯೊಳಗೆ ರಕ್ತ ನಿಧಾನವಾಗಿ ಸೇರಿ ದಿನಗಳ ಮೇಲೆ, ಕೆಲವರಿಗೆ ವಾರಗಳ ಮೇಲೆ ತಲೆನೋವು, ಮಂಪರು, ವಾಂತಿ, ನಡಿಗೆಯಲ್ಲಿ ವಾಲುವಿಕೆ ಶುರು ಆಗಬಹುದು. ವಯಸ್ಸಾಯಿತು, ಅದಕ್ಕೇ ಮಂಕಾಗಿದ್ದಾರೆ ಅಂತ ಬಿಟ್ಟುಬಿಡಬೇಡಿ.

ಈಗ ಅತ್ತೆ ಬಚ್ಚಲಿಗೆ ಒಬ್ಬರೇ ಹೋಗುತ್ತಾರೆ. ನೀರು ಮೊದಲಿನಷ್ಟು ಕುಡಿಯುತ್ತಾರೆ. ಹಿಡಿಕೆ ಎರಡು, ಕೂಲಿ, ಸ್ಕ್ರೂ, ಸಿಲಿಕಾನ್ ಸೇರಿ ಎರಡೂವರೆ ಸಾವಿರದ ಒಳಗೆ ಮುಗಿದಿದೆ. ಆರು ತಿಂಗಳಿಗೊಮ್ಮೆ ಬಂದು ಸ್ಕ್ರೂ ಬಿಗಿ ನೋಡುತ್ತೇನೆ ಅಂತ ಪ್ಲಂಬರ್ ಹೇಳಿ ಹೋಗಿದ್ದಾರೆ. ಹಿತ್ತಲ ಪಾಚಿಗೆ ಬ್ಲೀಚಿಂಗ್ ಪುಡಿ ಹಾಕಿ ತಂತಿ ಬ್ರಶ್‌ನಿಂದ ಉಜ್ಜಿದ್ದೇವೆ, ಆದರೆ ಮಳೆ ಬಂದರೆ ಮತ್ತೆ ಬರುತ್ತದೆ. ಅಲ್ಲಿ ಫರಸಿ ಕಿತ್ತು ಒರಟು ಕಲ್ಲು ಹಾಕಿಸುವ ಯೋಚನೆ ಇದೆ. ಧಾರವಾಡದಲ್ಲಿ ಯಾರಾದರೂ ಹಾಕಿಸಿದ್ದರೆ ಯಾವ ಕಲ್ಲು, ಚದರ ಅಡಿಗೆ ಎಷ್ಟು ಬಿತ್ತು ಅಂತ ಕೆಳಗೆ ಬರೆಯಿರಿ, ಮೇ ತಿಂಗಳೊಳಗೆ ಕೆಲಸ ಮುಗಿಸಬೇಕು.